ಅಕ್ಕನ ಕಾರಿಗೆ ಹೊಗೆ ಚೀಟಿ

ಅಕ್ಕನ ಕಾರು ಹೊಗೆ ಪರೀಕ್ಷೆಯಲ್ಲಿ ಫೇಲಾದ ದಿನ ನನಗೆ ಮೊದಲು ಬಂದದ್ದು ದುಃಖವಲ್ಲ, ಸಿಟ್ಟು. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟವಳು ನಾನು. ಫೇಲು ಮಾಡುವುದು ನನ್ನ ಕೆಲಸವಾಗಿತ್ತೇ ಹೊರತು ಫೇಲಾಗುವುದಲ್ಲ. ಮಳವಳ್ಳಿಯ ಪೆಟ್ರೋಲ್ ಬಂಕಿನ ಮೂಲೆಯಲ್ಲಿ ಬೀಡಾ ಅಂಗಡಿಯಷ್ಟು ಅಗಲದ ತಗಡಿನ ಗೂಡು. ಅದರೊಳಗಿದ್ದ ಆಸಾಮಿ ಹೊರಗೆ ಬಂದು ಸೈಲೆನ್ಸರಿಗೆ ಕೊಳವೆ ತೂರಿಸಿದ. ಒಳಗೆ ಹೋಗಿ ಕಂಪ್ಯೂಟರ್ ನೋಡಿದ. ಮತ್ತೆ ಹೊರಗೆ ಬಂದು ಕಾರನ್ನೊಮ್ಮೆ, ನನ್ನನ್ನೊಮ್ಮೆ ನೋಡಿದ.

"ಆಗಾಕಿಲ್ಲ ಮೇಡಂ. ಮೂರರ ಒಳಗಿರ್ಬೇಕು, ನಿಮ್ದು ಆರರ ಅತ್ರ ತೋರಿಸ್ತಾದೆ."

"ಇನ್ನೊಂದ್ ಸಲ ನೋಡಪ್ಪ."

"ಎಷ್ಟ್ ಸಲ ನೋಡುದ್ರೂ ಅಷ್ಟೆಯ. ಒಳ್ಳೆ ಆಲೆಮನೆ ಚಿಮಣಿ ಆಗೋಗದೆ."

ಮೊದಲೆಲ್ಲ ಹೀಗಿರಲಿಲ್ಲ. ಬಸ್ ಸ್ಟ್ಯಾಂಡಿನ ಹತ್ತಿರ ಒಂದು ವ್ಯಾನು ನಿಲ್ಲುತ್ತಿತ್ತು. ನಂಬರ್ ಪ್ಲೇಟ್ ಓದಿದರೆ ಸಾಕು, ಅದರೊಳಗಿನಿಂದ ಚೀಟಿ ಹೊರಗೆ ಬರುತ್ತಿತ್ತು. ಕೊಳವೆ ಇತ್ತು, ಆದರೆ ಅದನ್ನು ಚಕ್ಕುಲಿಯ ಹಾಗೆ ಸುತ್ತಿ ಮೊಳೆಗೆ ನೇತುಹಾಕಿದ್ದರು. ನರ್ಸಾಗಿದ್ದ ಅಕ್ಕನಿಗೆ ಮಾತ್ರ ಅದು ಸರಿಬರುತ್ತಿರಲಿಲ್ಲ. "ಕೊಳವೆ ಇಕ್ಕಿ ನೋಡ್ದೆ ಚೀಟಿ ಕೊಡೋದಾದ್ರೆ ನಾನೂ ಸೂಜಿ ಚುಚ್ದೆ ಲಸಿಕೆ ಕಾರ್ಡು ಬರ್ಕೊಡ್ತೀನಿ ಕಣಪ್ಪ" ಎಂದು ಜಗಳಕ್ಕೆ ನಿಂತು, ಪರೀಕ್ಷೆ ಮಾಡಿಸಿಕೊಂಡೇ ಬರುತ್ತಿದ್ದಳು. ಈಗ ಎಲ್ಲವೂ ಆನ್‌ಲೈನು. ನಂಬರ್ ಪ್ಲೇಟಿನ ಫೋಟೋ ಹೋಗಬೇಕು, ಹೊಗೆಯ ಲೆಕ್ಕ ತಾನೇ ಹೋಗುತ್ತದೆ. ಅಕ್ಕ ಇದ್ದಿದ್ದರೆ ಸಂತೋಷಪಡುತ್ತಿದ್ದಳೋ ಏನೋ. ನನಗಂತೂ ಆವತ್ತು ಆ ಹಳೇ ವ್ಯಾನೇ ಬೇಕೆನಿಸಿತು.

ಅಕ್ಕ ತೀರಿಕೊಂಡು ಆಗ ಎರಡು ವರ್ಷವಾಗಿತ್ತು. ಕಾರನ್ನು ನನ್ನ ಹೆಸರಿಗೆ ಮಾಡಿಸಿಕೊಂಡಿದ್ದೆ. ಅಷ್ಟು ಹಳೆಯ ಕಾರಿಗೆ ಐದೈದು ವರ್ಷಕ್ಕೊಮ್ಮೆ ಮಂಡ್ಯದ ಆರ್‌ಟಿಓ ಕಚೇರಿಯಲ್ಲಿ ರಿಜಿಸ್ಟ್ರೇಷನ್ ಮತ್ತೆ ಮಾಡಿಸಬೇಕು. ಆ ತಿಂಗಳ ಕೊನೆಗೆ ಅದರ ಅವಧಿ ಮುಗಿಯುತ್ತಿತ್ತು. ಕಚೇರಿಯಲ್ಲಿದ್ದಾಕೆ ಒಳ್ಳೆಯ ಹೆಂಗಸು. "ಮೊದ್ಲು ಹೊಗೆ ಚೀಟಿ ತನ್ನಿ ಅಮ್ಮ. ಅದೊಂದಿದ್ರೆ ಮಿಕ್ಕಿದ್ದು ನಾನು ಹೇಳಿಕೊಡ್ತೀನಿ. ಅದಿಲ್ದೆ ಇದ್ರೆ ಮಾತ್ರ ಯಾರೇನೂ ಮಾಡೋಕಾಗಲ್ಲ" ಎಂದಿದ್ದಳು. ಚೀಟಿ ಸಿಗದಿದ್ದರೆ ಕಾರು ರಸ್ತೆಗಿಳಿಯುವಂತಿಲ್ಲ. ರಸ್ತೆಗಿಳಿಯದ ಕಾರಿಗೆ ನಮ್ಮ ಕಡೆ ಇರುವುದು ಒಂದೇ ದಾರಿ, ಗುಜರಿ. ಅಕ್ಕನ ಸೀರೆಗಳನ್ನು ನಾನು ಹಂಚಿಬಿಟ್ಟಿದ್ದೆ, ಮಂಚ ಕೊಟ್ಟಿದ್ದೆ, ಚಪ್ಪಲಿ ಎಸೆದಿದ್ದೆ. ಕಾರನ್ನು ಕೊಡಲು ನನ್ನಿಂದ ಆಗುತ್ತಿರಲಿಲ್ಲ.

ಅಕ್ಕ ನನಗಿಂತ ಆರು ವರ್ಷಕ್ಕೆ ದೊಡ್ಡವಳು. ಕಿರುಗಾವಲಿನ ಆಚೆಯ ಒಂದು ಹಳ್ಳಿಯಲ್ಲಿ ಸರ್ಕಾರದ ನರ್ಸು. ಅವಳು ಮದುವೆಯಾಗಲಿಲ್ಲ. ನಾನು ಆದೆ, ಮೂರನೆಯ ವರ್ಷಕ್ಕೆ ಬಿಟ್ಟು ಬಂದೆ. ಬಂದ ದಿನ ಅಕ್ಕ ಯಾಕೆ ಏನು ಎಂದು ಕೇಳಲಿಲ್ಲ. "ಉಂಡ್ಯಾ ಅಮ್ಮಿ?" ಎಂದು ಕೇಳಿ, ಮುದ್ದೆಗೆ ಎಸರಿಟ್ಟಳು. ಅಲ್ಲಿಂದ ಮುಂದೆ ಮಳವಳ್ಳಿಯ ಆ ಎರಡು ಕೋಣೆಯ ಮನೆಯಲ್ಲಿ ನಾವಿಬ್ಬರೇ ಮೂವತ್ತು ವರ್ಷ ಜಗಳವಾಡಿಕೊಂಡು ಬಾಳಿದೆವು. ಬಸ್ಸು ಹತ್ತಿಳಿದು ಸಾಕಾಗಿ, ಆಸ್ಪತ್ರೆಯ ಡಾಕ್ಟರೊಬ್ಬರಿಗೆ ವರ್ಗವಾದಾಗ ಅವರ ಹಳೇ ಬಿಳಿ ಕಾರನ್ನು ಅಕ್ಕ ಕೊಂಡುಕೊಂಡಳು. ಆಗಲೇ ಅದಕ್ಕೆ ವಯಸ್ಸಾಗಿತ್ತು. ಸೀರೆಯುಟ್ಟ ಹೆಂಗಸು ಕಾರು ಓಡಿಸುವುದನ್ನು ನೋಡಲು ಕಬ್ಬಿನ ಗದ್ದೆಯಿಂದ ಜನ ಎದ್ದು ನಿಲ್ಲುತ್ತಿದ್ದ ಕಾಲ ಅದು. ಅಕ್ಕ ಅವರಿಗೆಲ್ಲ ಹಾರನ್ನು ಬಾರಿಸಿ ಹೋಗುತ್ತಿದ್ದಳು.

ದೇವರು ದಿಂಡರೆಂದರೆ ಅವಳಿಗೆ ಆಗುತ್ತಿರಲಿಲ್ಲ. ಜ್ವರ ಬಂದ ಮಗುವಿಗೆ ದಾರ ಕಟ್ಟಿಸಿ ನಾಲ್ಕು ದಿನ ಕಳೆದು ತರುವವರನ್ನು ನೋಡಿ ನೋಡಿ ಬಂದ ಸಿಟ್ಟು ಅದು. ನಾನು ಕಾರಿಗೆ ನಿಂಬೆಹಣ್ಣು ಕಟ್ಟಿದರೆ ಸಂಜೆಗೆ ಅದು ಪಾನಕವಾಗಿರುತ್ತಿತ್ತು. ಆಯುಧಪೂಜೆಯ ದಿನ ನಾನು ಕುಂಬಳಕಾಯಿ ಹಿಡಿದು ಬರುವಷ್ಟರಲ್ಲಿ ಅವಳು ಡ್ಯೂಟಿ ಇದೆ ಎಂದು ಕಾರು ಸ್ಟಾರ್ಟ್ ಮಾಡಿ ಹೊರಟಿರುತ್ತಿದ್ದಳು. ಅವಳು ಹೀಗೆ, ನಾನು ಹಾಗೆ. "ಒಂದಿನ ನೀನೂ ಕೈ ಮುಗೀತೀಯ ಬುಡು, ಆವತ್ತು ನಾನು ಊರಿಗೆಲ್ಲ ಡಂಗುರ ಸಾರುಸ್ತೀನಿ" ಎಂದು ನಾನು ಹೇಳುತ್ತಲೇ ಇದ್ದೆ. ನನ್ನ ಬಾಯಿ ಸುಮ್ಮನಿರುವ ಬಾಯಲ್ಲ. ಇದು ನನಗೂ ಗೊತ್ತು, ಊರಿಗೂ ಗೊತ್ತು.

ಕಾರಿನೊಳಗೆ ಒಂದು ವಾಸನೆಯಿತ್ತು. ಅರ್ಧ ಪೆಟ್ರೋಲು, ಅರ್ಧ ಅವಳ ಚೀಲದ ಸ್ಪಿರಿಟ್ಟು. ಅವಳು ಹೋದ ಕೆಲವು ತಿಂಗಳಲ್ಲಿ ಸ್ಪಿರಿಟ್ಟಿನ ವಾಸನೆ ಹೋಯಿತು. ಪೆಟ್ರೋಲಿನದು ಉಳಿಯಿತು, ದಿನದಿನಕ್ಕೆ ಹೆಚ್ಚಾಯಿತು ಕೂಡ. ಸಂಜೆ ಹೊತ್ತು ಶೆಡ್ಡಿಗೆ ಹೋಗಿ, ಗಾಜು ಏರಿಸಿ, ಪಕ್ಕದ ಸೀಟಿನಲ್ಲಿ ಕುಳಿತುಬಿಡುತ್ತಿದ್ದೆ. ಮೂವತ್ತು ವರ್ಷದ ಮನೆಯಲ್ಲಿ ಸಿಗದ ಅಕ್ಕ ಅಲ್ಲಿ ಒಂದಿಷ್ಟು ಸಿಗುತ್ತಿದ್ದಳು. ತಲೆನೋವು ಬರುತ್ತಿತ್ತು, ಬರಲಿ ಎಂದುಕೊಳ್ಳುತ್ತಿದ್ದೆ. ಅವಳು ಬದುಕಿದ್ದಾಗಲೂ ಅವಳಿಂದ ನನಗೆ ತಲೆನೋವೇ ಬರುತ್ತಿತ್ತು.

ಅವಳಿದ್ದಾಗ ನಾನು ಡ್ರೈವಿಂಗ್ ಕಲಿಯಲಿಲ್ಲ. ಒಂದು ಸಲ ಕಲಿಸಲು ಹೊರಟು, ಕೆರೆ ಏರಿಯ ಮೇಲೆ ಇಬ್ಬರಿಗೂ ಮಾತು ಬೆಳೆದು, ಅವಳು ಕೀಲಿ ಕಿತ್ತುಕೊಂಡಿದ್ದಳು. "ನಿಂಗೆ ಕಲ್ಸೋದ್ಕಿಂತ ಎಮ್ಮೆಗೆ ಕಲಿಸ್ಬೋದು ಕಣೇ." ಅವಳು ಹೋದ ಮೇಲೆ, ರಿಟೈರಾಗುವ ವಯಸ್ಸಿನಲ್ಲಿ, ನನ್ನ ಶಿಷ್ಯಂದಿರ ವಯಸ್ಸಿನವರ ಜೊತೆ ಡ್ರೈವಿಂಗ್ ಸ್ಕೂಲಿಗೆ ಸೇರಿದೆ. ಅದು ಕಾರಿಗೋಸ್ಕರ. ನಿಂತಲ್ಲೇ ನಿಂತರೆ ಕಾರು ಕೆಟ್ಟುಹೋಗುತ್ತದೆಂದು ಯಾರೋ ಹೇಳಿದ್ದರು.

ಬಂಕಿನಲ್ಲಿ ಫೇಲಾದ ಮಾರನೇ ದಿನ ಮಂಡ್ಯಕ್ಕೆ ಹೋದೆ. ಅಲ್ಲೊಂದು ಹೊಸ ಗ್ಯಾರೇಜು, ನೆಲಕ್ಕೆ ಟೈಲ್ಸು, ಕಾಯುವವರಿಗೆ ಸೋಫಾ. ಗ್ಯಾರೇಜಿನವನು ಬಾನೆಟ್ ಎತ್ತಿ, ಬಾವಿಗೆ ಇಣುಕುವವನಂತೆ ಬಹಳ ಹೊತ್ತು ಇಣುಕಿದ.

"ಮೇಡಂ, ನಮ್ಮತ್ರ ಸ್ಕ್ಯಾನರ್ ಅದೆ. ಆದ್ರೆ ಈ ಗಾಡಿಗೆ ಅದನ್ನ ಚುಚ್ಚೋಕೆ ಜಾಗ್ವೇ ಇಲ್ವಲ್ಲ."

"ಚುಚ್ಚದೇ ನೋಡೋಕೆ ಬರಲ್ವಾ ನಿಂಗೆ?"

ಅವನು ಪಾಪ ನಕ್ಕ. ಪ್ಲಗ್ಗು ಬದಲಾಯಿಸಿದ, ಆಯಿಲ್ ಬದಲಾಯಿಸಿದ. ಗಾಳಿ ಸೋಸುವ ಫಿಲ್ಟರಿನ ಡಬ್ಬಿಯ ಕ್ಲಿಪ್ಪುಗಳಿಗೆ ತುಕ್ಕು ಹಿಡಿದಿತ್ತು. ಮುರಿದರೆ ಈ ಕಾಲದಲ್ಲಿ ಬೇರೆ ಸಿಗುವುದಿಲ್ಲವೆಂದು ಅದನ್ನು ಮುಟ್ಟಲಿಲ್ಲ. ಅವನೇ ಜೊತೆಗೆ ಬಂದು ಇನ್ನೊಂದು ಕಡೆ ಹೊಗೆ ಪರೀಕ್ಷೆ ಮಾಡಿಸಿದ. ಮೊದಲಿಗಿಂತ ಒಂದು ಕೂದಲಿನಷ್ಟು ಕಡಿಮೆ ತೋರಿಸಿತು, ಅಷ್ಟೆ. ಅದೂ ಫೇಲೇ. "ನನ್ ಮಾತ್ ಕೇಳಿ, ಇದ್ನ ಗುಜರಿಗಾಕಿ ಚಿಕ್ಕದೊಂದು ಹೊಸದು ತಗಳಿ. ಸುಮ್ನೆ ಯಾಕೆ ಒದ್ದಾಡ್ತೀರ" ಎಂದ. ಒಳ್ಳೆಯದಕ್ಕೇ ಹೇಳಿದ್ದ. ನನಗೆ ಮಾತ್ರ ಅವನ ಕಪಾಳಕ್ಕೆ ಬಾರಿಸಬೇಕೆನಿಸಿತು. ಹಾಗೆ ಮಾಡದೆ, ಕಾರಿನಲ್ಲಿ ಕುಳಿತು, ಅಲ್ಲೇ ಅವನ ಗೇಟಿನ ಎದುರಿಗೇ ಅತ್ತೆ.

ತಿಂಗಳು ಮುಗಿಯಲು ಐದು ದಿನ ಉಳಿದಿತ್ತು. ಇನ್ನು ಇದ್ದದ್ದು ಒಬ್ಬನೇ, ಮದ್ದೂರಿನ ಮೇಸ್ತ್ರಿ. ಅಕ್ಕ ಆ ಕಾರನ್ನು ಬೇರೆ ಯಾರ ಕೈಗೂ ಕೊಟ್ಟವಳಲ್ಲ. ಸಣ್ಣ ಸದ್ದಾದರೂ ಮಳವಳ್ಳಿಯಿಂದ ಅಷ್ಟು ದೂರ ಅವನ ಹತ್ತಿರವೇ ಹೋಗುತ್ತಿದ್ದಳು. ನಾನು ಮಾತ್ರ ಎರಡು ವರ್ಷದಿಂದ ಅವನ ಮುಖ ನೋಡಿರಲಿಲ್ಲ. ಅದಕ್ಕೆ ಕಾರಣವಿತ್ತು. ಅಕ್ಕನ ಮಣ್ಣಿಗೆ ಬಂದವನು, ಮೂರನೆಯ ದಿನ ಮತ್ತೆ ಮನೆಗೆ ಬಂದು, ಬಾಗಿಲಲ್ಲಿ ನಿಂತು, "ಟೀಚರಮ್ಮ, ಕಾರು ಮಾರೋದಾದ್ರೆ ಮೊದ್ಲು ನಂಗೊಂದು ಮಾತು ಏಳಿ" ಎಂದಿದ್ದ. ಮನೆಯಲ್ಲಿ ಹಾಲು ತುಪ್ಪದ ಶಾಸ್ತ್ರವೂ ಆಗಿರಲಿಲ್ಲ. "ಹೆಣ ಆರೋಕ್ ಮುಂಚೆ ವ್ಯಾಪಾರಕ್ಕೆ ಬಂದ್ಯಾ? ಇನ್ನೊಂದ್ ಸಲ ಈ ಹೊಸಲು ತುಳೀಬ್ಯಾಡ" ಎಂದು ಎಲ್ಲರ ಎದುರಿಗೆ ಹೇಳಿ ಕಳಿಸಿದ್ದೆ. ಅವನು ತಲೆತಗ್ಗಿಸಿಕೊಂಡು ಹೋಗಿದ್ದ.

ಈಗ ಅವನ ಹೊಸಲು ತುಳಿಯುವ ಸರದಿ ನನ್ನದು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎನ್ನುತ್ತಾರಲ್ಲ, ಹಾಗೆ ಆಗಿತ್ತು ನನ್ನ ಕಥೆ. ಬೆಳಿಗ್ಗೆ ಎದ್ದು ಕೆ.ಎಂ. ದೊಡ್ಡಿಯ ಮೇಲೆ ಮದ್ದೂರಿಗೆ ಹೊರಟೆ. ಎತ್ತಿನಗಾಡಿಯೊಂದನ್ನು ದಾಟಿ ಕನ್ನಡಿಯಲ್ಲಿ ನೋಡಿದರೆ, ಹಿಂದೆ ಗಾಡಿಯೇ ಕಾಣದಷ್ಟು ಕಪ್ಪು ಹೊಗೆ. ಗಾಡಿಯವನು ಟವಲಿನಿಂದ ಮೂಗು ಮುಚ್ಚಿಕೊಂಡು ಏನೋ ಅಂದ. ಕೇಳಿಸಲಿಲ್ಲ, ಆದರೆ ಏನಂದಿರಬಹುದೆಂದು ಗೊತ್ತಾಯಿತು.

ಮೇಸ್ತ್ರಿಯ ಶೆಡ್ಡು ರೈಲ್ವೆ ಗೇಟಿನ ಈಚೆಗೆ. ಮುದುಕನಾಗಿದ್ದ. ಕಾರಿನ ಸದ್ದಿಗೇ ತಲೆಯೆತ್ತಿ, ಕೈ ಒರೆಸಿಕೊಳ್ಳುತ್ತ ಎದ್ದು ಬಂದ. ನಾನು ತಪ್ಪಾಯ್ತು ಎಂದು ಹೇಳಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದೆ. ಒಂದೂ ಬಾಯಿಗೆ ಬರಲಿಲ್ಲ.

"ಹೊಗೆ ಜಾಸ್ತಿ ಆಗದೆ ಮೇಸ್ತ್ರಿ. ಎರಡು ಕಡೆ ಫೇಲಾಯ್ತು. ಈ ತಿಂಗಳೊಳಗೆ ಚೀಟಿ ಸಿಗ್ದಿದ್ರೆ ಗುಜರಿಗೇ ಹೋಗೋದು" ಎಂದೆ.

ಅವನು ಸಿಟ್ಟು ತೋರಿಸಲಿಲ್ಲ. ಕಾರಿನ ಹಿಂದೆ ಹೋಗಿ ಸೈಲೆನ್ಸರಿನೊಳಗೆ ಬೆರಳಾಡಿಸಿ, ಮಸಿ ನೋಡಿಕೊಂಡ. "ಫಿಲ್ಟರು ಯಾರಾದ್ರೂ ಬಿಚ್ಚಿದ್ರಾ?" ಎಂದು ಕೇಳಿದ.

"ಇಲ್ಲ. ಮುರುದ್ರೆ ಸಿಗಾಕಿಲ್ಲ ಅಂದ್ರು."

"ಎರಡ್ ವರ್ಷದಿಂದ?"

"ಎರಡ್ ವರ್ಷದಿಂದ."

ಅವನು ಬಾನೆಟ್ ಎತ್ತಿ, ಕ್ಲಿಪ್ಪುಗಳಿಗೆ ಎಣ್ಣೆ ಬಿಟ್ಟು, ಬೀಡಿ ಹಚ್ಚದೆ ಕೈಯಲ್ಲೇ ಹಿಡಿದುಕೊಂಡು ಕಾಲು ಗಂಟೆ ಕಾದ. ಆಮೇಲೆ ಒಂದೊಂದನ್ನೇ ಬೆರಳಲ್ಲಿ ಎಬ್ಬಿಸಿದ. ಒಂದೂ ಮುರಿಯಲಿಲ್ಲ. ರೊಟ್ಟಿ ಹೆಂಚಿನಷ್ಟು ಅಗಲದ ಆ ಡಬ್ಬಿಯ ಮುಚ್ಚಳ ತೆಗೆದು, ನನಗೆ ಕಾಣದ ಹಾಗೆ ಬೆನ್ನು ಅಡ್ಡ ಕೊಟ್ಟ. ಹಾಗೇ ನಿಂತ. ಅವನು ನಿಂತ ರೀತಿಯಲ್ಲೇ ಏನೋ ಇದೆ ಎಂದು ನನಗೆ ತಿಳಿಯಿತು.

"ಏನದು ಮೇಸ್ತ್ರಿ?"

"ನಿಮ್ಗೆ ತೋರಿಸ್ಬಾರ್ದು ಅಂತ ಮಾತಾಗಿತ್ತು. ಮಾತು ತಗಂಡೋರೇ ಒಂಟೋದ್ರು. ಇನ್ನೇನು, ನೋಡಿ."

ಅವನ ಅಂಗೈಯಲ್ಲಿ ಒಂದು ಬಟ್ಟೆಯ ಗಂಟಿತ್ತು. ಮಾವಿನಕಾಯಿಯಷ್ಟು ದಪ್ಪ, ಎಣ್ಣೆ ಕುಡಿದು ಕಪ್ಪಾಗಿತ್ತು. ಒಂದು ಕಡೆ ಗಂಟು ಸಡಿಲವಾಗಿ ಬಟ್ಟೆಯ ಅಂಚು ಬಿಚ್ಚಿಕೊಂಡಿತ್ತು. ಮಡಿಕೆಯೊಳಗೆ ಮಾತ್ರ ಅರಿಶಿನದ ಬಣ್ಣ ಹಾಗೇ ಇತ್ತು. ಕೈಗೆ ತೆಗೆದುಕೊಂಡು ಒತ್ತಿದೆ. ಒಳಗೆ ನಾಣ್ಯ ಗಟ್ಟಿಯಾಗಿ ಸಿಕ್ಕಿತು. ಅದು ಮುಡಿಪು. ದೇವರಿಗೆ ಹರಕೆ ಹೊತ್ತು, ಅರಿಶಿನದ ಬಟ್ಟೆಯಲ್ಲಿ ಕಾಣಿಕೆ ಕಟ್ಟಿಡುವ ಗಂಟು. ಹರಕೆ ತೀರುವ ತನಕ ಬಿಚ್ಚುವಂತಿಲ್ಲ.

"ಯಾರು ಇಕ್ಕಿದ್ದು ಇದನ್ನ?"

"ಇನ್ಯಾರು? ನರ್ಸಮ್ಮೋರು."

ನನಗೆ ನಗು ಬಂತು. ನಿಜವಾಗಿಯೂ ನಕ್ಕೆ. ನಿಂಬೆಹಣ್ಣಿನ ಪಾನಕ ಮಾಡಿ ಕುಡಿಯುತ್ತಿದ್ದವಳು ಮುಡಿಪು ಕಟ್ಟುತ್ತಾಳೆಯೇ? ಮೇಸ್ತ್ರಿ ನಗಲಿಲ್ಲ. ಸ್ಟೂಲು ತಂದು ಹಾಕಿ, ನನ್ನನ್ನು ಕೂರಿಸಿ, ಹೇಳಿದ.

ಹನ್ನೊಂದು ವರ್ಷದ ಹಿಂದೆ ನನ್ನ ಹೊಟ್ಟೆಯಲ್ಲಿ ಗಡ್ಡೆ ಇದೆ ಎಂದು ಗೊತ್ತಾಗಿತ್ತು. ಮೈಸೂರಿನಲ್ಲಿ ಆಪರೇಷನ್. ಡಾಕ್ಟರು ಅಕ್ಕನನ್ನು ಒಳಗೆ ಕರೆದು ಏನೋ ಹೇಳಿದ್ದರು. ಅವಳು ಹೊರಗೆ ಬಂದು, "ಏನಿಲ್ಲ ಕಣೇ, ಹಲ್ಲು ಕಿತ್ತಂಗೆ" ಎಂದಿದ್ದಳು. ಅದರ ಮಾರನೇ ದಿನ ಬ್ರೇಕು ನೋಡಿಸಿಕೊಂಡು ಬರುತ್ತೇನೆಂದು ಮದ್ದೂರಿಗೆ ಹೋಗಿದ್ದು ನನಗೂ ನೆನಪಿದೆ. ಬ್ರೇಕಿಗೆ ಏನೂ ಆಗಿರಲಿಲ್ಲವಂತೆ. ಮಡಿಲಿನಿಂದ ಈ ಗಂಟು ತೆಗೆದು ಮೇಸ್ತ್ರಿಯ ಮುಂದಿಟ್ಟಳಂತೆ.

"ಇದ್ನ ಈ ಕಾರಲ್ಲಿ ಎಲ್ಲಾರಾ ಮಡುಗು ಮೇಸ್ತ್ರಿ ಅಂದ್ರು. ನೀರು ಬೀಳ್ಬಾರ್ದು, ನನ್ ತಂಗಿ ಕಣ್ಣಿಗೂ ಬೀಳ್ಬಾರ್ದು. ಮನೇಲಿ ಒಂದು ಡಬ್ಬಿ ಬುಡದಂಗೆ ಉಜ್ತಾಳೆ, ಅಲ್ಲಿ ಮಡಗೋ ಅಂಗಿಲ್ಲ. ಕಂಡ್ಲು ಅಂದ್ರೆ ಸಾಯೋಗಂಟ ಆಡ್ಕತಾಳೆ ಅಂದ್ರು. ನೀರು ಬೀಳ್ದೇ ಇರೋ ಜಾಗ ಅಂದ್ರೆ ಈ ಡಬ್ಬಿ ಒಂದೇಯ. ಇಂಜಿನ್ನಿಗೆ ಒಳ್ಳೇದಲ್ಲ ನರ್ಸಮ್ಮ ಅಂದೆ. ಇಂಜಿನ್ನು ಓದ್ರೆ ಇನ್ನೊಂದು ತರ್ತೀನಿ, ತಂಗೀನ ಎಲ್ಲಿಂದ ತರ್ಲಿ ಅಂದ್ರು. ಇನ್ನೇನ್ ಏಳ್ಳಿ ನಾನು?"

ಪ್ರತಿ ಸಲ ಸರ್ವಿಸಿಗೆ ಬಂದಾಗ ಅವನು ಆ ಗಂಟನ್ನು ತೆಗೆದು, ಬಿಗಿಯಾಗಿ ಕಟ್ಟಿ, ಗಾಳಿಗೆ ಅಡ್ಡ ಬರದ ಹಾಗೆ ಮೂಲೆಗೆ ಒತ್ತಿ ಇಡುತ್ತಿದ್ದನಂತೆ. ಎರಡು ವರ್ಷ ಅವನ ಕೈ ಬೀಳಲಿಲ್ಲ. ಗಂಟು ಸಡಿಲಾಗಿ, ಬಟ್ಟೆ ಬಿಚ್ಚಿಕೊಂಡು, ಇಂಜಿನ್ನು ಉಸಿರೆಳೆಯುವ ಬಾಯಿಗೇ ಬಂದು ಕುಳಿತಿತ್ತು. ಗಾಳಿಯಿಲ್ಲದೆ ಬರೀ ಪೆಟ್ರೋಲು ಕುಡಿದು ಕಾರು ಹೊಗೆ ಉಗುಳುತ್ತಿತ್ತು. "ಮೂರನೇ ದಿನ ನಾನು ಬಂದು ಕೇಳಿದ್ದೂ ಇದ್ಕೇಯ. ಮಾರುದ್ರೆ ಇದು ಯಾರ್ದೋ ಕೈಗೆ ಓಯ್ತದಲ್ಲ, ತಗ್ದು ನಿಮ್ಗೆ ಮುಟ್ಟುಸ್ವಾ ಅಂತ" ಎಂದ. ನಾನು ಅವನ ಮುಖ ನೋಡಲಿಲ್ಲ.

"ಏನಂತ ಹರಕೆ?" ಎಂದು ನೆಲ ನೋಡುತ್ತಲೇ ಕೇಳಿದೆ.

"ನಿಮ್ಮವ್ವನ ಊರಿನ ಮಾರಮ್ಮಂದು. ತಂಗಿ ಎದ್ದು ಓಡಾಡಂಗಾದ್ರೆ ಇಬ್ರೂ ಜತೇಲಿ ಬಂದು ಮುಡಿಪು ಒಪ್ಪುಸ್ತೀವಿ. ಅಲ್ಲೀಗಂಟ ನಾನು ಬಾಡು ಮುಟ್ಟಾಕಿಲ್ಲ ಅಂತ."

ಬಾಡು. ನಮ್ಮ ತಾಯಿಯ ಊರು ಬಂಡೂರಿನ ಪಕ್ಕದ್ದು. ಬಂಡೂರು ಕುರಿಯ ಬಾಡು ತಿಂದು ಬೆಳೆದವರಿಗೆ ಬೇರೆ ಯಾವುದೂ ಬಾಡಲ್ಲ. ಅಕ್ಕನಿಗೆ ಭಾನುವಾರವೆಂದರೆ ಅದೇ ಆಗಿತ್ತು. ಮೂಳೆಯನ್ನು ಊದಿ ಊದಿ ಚೀಪುತ್ತಿದ್ದಳು. ನಾನು ಆಸ್ಪತ್ರೆಯಿಂದ ಬಂದು, ಗಟ್ಟಿಯಾಗಿ, ಮೊದಲ ಸಲ ಮನೆಯಲ್ಲಿ ಬಾಡಿನ ಸಾರು ಮಾಡಿದ ದಿನ ಅವಳು ತಟ್ಟೆಗೆ ಬಡಿಸಿಕೊಳ್ಳಲಿಲ್ಲ. ಬಿ.ಪಿ. ಎಂದಳು. "ಬಿ.ಪಿ. ಅಲ್ಲ ಕಣೇ, ಹಲ್ಲು ಅಲ್ಲಾಡ್ತವೆ ಅನ್ನು" ಎಂದು ನಾನು ಆಡಿಕೊಂಡೆ. ಅಲ್ಲಿಂದ ಒಂಬತ್ತು ವರ್ಷ ಪ್ರತಿ ಭಾನುವಾರ ಅವಳೇ ಮಸಾಲೆ ರುಬ್ಬಿ, ಅವಳೇ ಬೇಯಿಸಿ, ಸೌಟಿನಲ್ಲಿ ಒಂದಿಷ್ಟು ತಂದು ನನ್ನ ಬಾಯಿಗೆ ಹಿಡಿಯುತ್ತಿದ್ದಳು. "ಉಪ್ಪು ನೋಡಮ್ಮಿ." ಅವಳು ಮೊಸರನ್ನ ಕಲಸಿಕೊಂಡು ಎದುರಿಗೆ ಕೂರುತ್ತಿದ್ದಳು. ನಾನು ಬೇಕೆಂದೇ ಚಪ್ಪರಿಸಿ ತಿನ್ನುತ್ತಿದ್ದೆ. ಸನ್ಯಾಸಿನಿ ಎಂದು ಹೆಸರಿಟ್ಟಿದ್ದೆ, ನೆಂಟರಿಗೂ ಹೇಳಿಕೊಟ್ಟಿದ್ದೆ.

"ಮತ್ತೆ ಯಾಕೆ ಒಪ್ಪಿಸ್ಲಿಲ್ಲ ಮೇಸ್ತ್ರಿ? ನಾನು ಆರು ತಿಂಗ್ಳಿಗೇ ಎದ್ದು ಓಡಾಡಿದ್ನಲ್ಲ. ಒಂದೇ ಒಂದಿನ ಹೋಗಿದ್ರೆ ಮುಗೀತಿತ್ತು."

"ನಾನೂ ಪ್ರತಿ ಸಲ ಕೇಳ್ತಿದ್ದೆ. ಇಬ್ರೂ ಜತೇಲಿ ಓಗ್ಬೇಕಲ್ಲ, ಅವ್ಳಿಗೆ ಎಂಗೆ ಏಳ್ಳಿ ಅನ್ನೋರು. ದೇವ್ರಿಲ್ಲ ಅಂತ ಬೈದಿರೋ ಬಾಯಲ್ಲಿ ಎಂಗೆ ಏಳ್ಳಿ, ಮುಂದಿನ ವರ್ಷ ನೋಡನ ಅನ್ನೋರು."

ಆಡಿಕೊಳ್ಳುತ್ತಾಳೆಂದು. ನಾನು ಆಡಿಕೊಳ್ಳುತ್ತೇನೆಂದು, ಒಂಬತ್ತು ವರ್ಷ. ಅವಳು ಹೇಳಿದ್ದರೆ ನಾನು ಸುಮ್ಮನಿರುತ್ತಿದ್ದೆನೇ? ಇರುತ್ತಿರಲಿಲ್ಲ. ಡಂಗುರ ಹೊಡೆಸುತ್ತಿದ್ದೆ. ನನ್ನನ್ನು ಅವಳಷ್ಟು ಚೆನ್ನಾಗಿ ತಿಳಿದವರು ಈ ಭೂಮಿಯ ಮೇಲೆ ಬೇರೆ ಯಾರೂ ಇರಲಿಲ್ಲ, ಇನ್ನು ಇರುವುದೂ ಇಲ್ಲ. ಅಲ್ಲೇ, ಟಯರುಗಳ ನಡುವೆ, ಸ್ಟೂಲಿನ ಮೇಲೆ ಕುಳಿತು, ಅವಳು ಸತ್ತ ದಿನ ಅಳದಷ್ಟು ಅತ್ತೆ. ಒಂದೇ ಒಂದು ಭಾನುವಾರ ಬೇಕಿತ್ತು ನನಗೆ. ಅವಳ ತಟ್ಟೆಗೆ ನಾನು ಬಡಿಸಬೇಕಿತ್ತು. ಮೇಸ್ತ್ರಿ ಶೆಡ್ಡಿನ ಆಚೆ ಹೋಗಿ ಕೈಯಲ್ಲಿದ್ದ ಬೀಡಿ ಹಚ್ಚಿದ.

ಆಮೇಲೆ ಅವನು ಕೆಲಸ ಹಿಡಿದ. ಕಾರ್ಬುರೇಟರ್ ಬಿಚ್ಚಿ, ಪೆಟ್ರೋಲಿನಲ್ಲಿ ತೊಳೆದು, ತೂತುಗಳಿಗೆ ಬಾಯಿಂದಲೇ ಗಾಳಿ ಊದಿದ. ಫಿಲ್ಟರನ್ನು ಒದರಿದರೆ ಎರಡು ವರ್ಷದ ರಸ್ತೆಯೆಲ್ಲ ನೆಲಕ್ಕೆ ಬಿತ್ತು. ಮತ್ತೆ ಜೋಡಿಸಿ, ಇಂಜಿನ್ನು ಓಡುತ್ತಿರುವಾಗಲೇ ಕಿವಿ ಬಗ್ಗಿಸಿ, ಗಾಳಿಯನ್ನೂ ಪೆಟ್ರೋಲನ್ನೂ ಹದ ಮಾಡುವ ಸಣ್ಣ ತಿರುಪನ್ನು ಒಂದು ಎಳ್ಳಿನಷ್ಟು ತಿರುಗಿಸುವುದು, ನಿಲ್ಲುವುದು, ಕೇಳುವುದು. ಸ್ಕ್ಯಾನರ್ ಇಲ್ಲ, ಸೋಫಾ ಇಲ್ಲ. ಒಂದು ಹಂತದಲ್ಲಿ ಅವನೇ ತಲೆಯಾಡಿಸಿ, "ಆಂ, ಈಗ ಉಸ್ರಾಡ್ತಾವ್ಳೆ" ಎಂದ. ಕಾರನ್ನು ಹೆಣ್ಣೆಂದೇ ಕರೆಯುತ್ತಾನೆ ಅವನು. ಡಬ್ಬಿ ಮುಚ್ಚುವ ಮೊದಲು ನನ್ನ ಕಡೆ ತಿರುಗಿದ.

"ಗಂಟ ಏನ್ ಮಾಡ್ವಾ? ಮೂಲೇಲಿ ಬಿಗಿಯಾಗಿ ಕಟ್ಟಿ ಮಡುಗ್ಲಾ ಮೊದ್ಲಿನಂಗೆ?"

ಒಂದು ಗಳಿಗೆ ಹೂಂ ಎನ್ನಬೇಕೆನಿಸಿತು. ಅವಳು ಇಟ್ಟ ಜಾಗದಲ್ಲೇ ಇರಲಿ ಎನಿಸಿತು. ಆದರೆ ಅದು ನನ್ನ ಜೀವದ ಮೇಲೆ ಹೊತ್ತ ಹರಕೆ. ನಾನು ಎದ್ದು ಓಡಾಡುತ್ತಿದ್ದೇನೆ, ಬಾಕಿ ಮಾತ್ರ ಅವಳ ತಲೆಯ ಮೇಲೆಯೇ ಉಳಿದಿದೆ. "ಬ್ಯಾಡ, ಕೊಡಿ" ಎಂದು ಸೆರಗಿನಲ್ಲಿ ಕಟ್ಟಿಕೊಂಡೆ.

ಮದ್ದೂರಿನಲ್ಲೇ ಪರೀಕ್ಷೆ ಮಾಡಿಸಿದೆವು. ಮೇಸ್ತ್ರಿಯೂ ಬಂದ. ಕೊಳವೆ ಒಳಗೆ ಹೋಯಿತು. ನಾನು ಎಸ್ಸೆಸ್ಸೆಲ್ಸಿ ರಿಸಲ್ಟಿನ ದಿನದ ಹಾಗೆ ಕತ್ತು ಚಾಚಿ ನಿಂತೆ. ಕಂಪ್ಯೂಟರಿನ ಮುಂದೆ ಕುಳಿತಿದ್ದಾಕೆ, "ಎರಡೂಕಾಲು, ಪಾಸು" ಎಂದು ಹೇಳಿ, ಚೀಟಿಯನ್ನು ಕೈಗೆ ಕೊಟ್ಟು, ಹಿಂದಿನ ಆಟೋದವನನ್ನು ಕರೆದಳು. ಅವಳಿಗೆ ಅದು ದಿನಕ್ಕೆ ನೂರರಲ್ಲಿ ಒಂದು. ನಾನು ಮೇಸ್ತ್ರಿಗೆ ಕೈ ಮುಗಿದೆ, ಅವತ್ತು ಬಾಗಿಲಲ್ಲಿ ಆಡಿದ ಮಾತಿಗೆ ತಪ್ಪಾಯಿತು ಎಂದೆ. "ಬುಡಿ ಅತ್ಲಾಗೆ, ಅವ್ರೂ ಇಂಗೇ ಬಯ್ಯೋರು" ಎಂದು ಅವನು ಹೊರಟುಹೋದ.

ಹಿಂದಿರುಗುವ ದಾರಿಯಲ್ಲಿ ಕನ್ನಡಿ ತುಂಬ ರಸ್ತೆ, ಎರಡು ಕಡೆ ಕಬ್ಬು, ಎಲ್ಲ ಚೊಕ್ಕಟವಾಗಿ ಕಾಣುತ್ತಿತ್ತು. ಕೆ.ಎಂ. ದೊಡ್ಡಿ ದಾಟಿದ ಮೇಲೆ ಏನೋ ಕಡಿಮೆಯಾಗಿದೆ ಎನಿಸತೊಡಗಿತು. ಗಾಜು ಏರಿಸಿ ಉಸಿರೆಳೆದೆ. ಪೆಟ್ರೋಲಿನ ವಾಸನೆ ಇರಲಿಲ್ಲ. ಎರಡು ವರ್ಷ ನಾನು ಅಕ್ಕ ಎಂದುಕೊಂಡು ಶೆಡ್ಡಿನಲ್ಲಿ ಕುಳಿತು ಎಳೆದುಕೊಂಡದ್ದು ಉಸಿರುಕಟ್ಟಿದ ಇಂಜಿನ್ನಿನ ವಾಸನೆ. ಕಾರು ಉಳಿಯಿತು. ಯಾವುದಕ್ಕಾಗಿ ಉಳಿಸಿಕೊಂಡೆನೋ ಅದು ಹೋಯಿತು. ಗಾಡಿ ನಿಲ್ಲಿಸಲಿಲ್ಲ, ನಿಲ್ಲಿಸಿದ್ದರೆ ಮತ್ತೆ ಹೊರಡಲು ಆಗುತ್ತಿರಲಿಲ್ಲ.

ಮಾರನೆಯ ದಿನ ಮಂಡ್ಯದ ಕಚೇರಿಗೆ ಹೋಗಿ ಚೀಟಿ ಕೊಟ್ಟೆ. ಆ ಹೆಂಗಸು ಹೇಳಿದ ಹಾಗೇ ಮಿಕ್ಕಿದ್ದೆಲ್ಲ ಹೇಳಿಕೊಟ್ಟಳು. ಇನ್‌ಸ್ಪೆಕ್ಟರು ಬಂದು ಕಾರು ನೋಡಿದರು, ಲೈಟು ಹಾಕಿಸಿದರು, ಹಾರನ್ನು ಬಾರಿಸಿ ಎಂದರು. ಬಾರಿಸಿದೆ. ಇನ್ನು ಐದು ವರ್ಷ ಕಾರು ರಸ್ತೆಯ ಮೇಲಿರಬಹುದು.

ಅದೇ ವಾರದ ಮಂಗಳವಾರ ಬೆಳಿಗ್ಗೆ ತಲೆಗೆ ನೀರು ಹಾಕಿಕೊಂಡು, ಕಿರುಗಾವಲಿನ ದಾರಿ ಹಿಡಿದು ತಾಯಿಯ ಊರಿಗೆ ಹೋದೆ. ಅಕ್ಕ ದಿನಾ ಹೋಗುತ್ತಿದ್ದ ದಾರಿಯೇ ಅದು. ಪಕ್ಕದ ಸೀಟಿನಲ್ಲಿ ಮುಡಿಪಿಟ್ಟಿದ್ದೆ. ಗುಡಿ ಚಿಕ್ಕದು, ಹುಣಸೆಮರದ ಕೆಳಗೆ. ಬಾಗಿಲಿಗೆ ನೇರವಾಗಿ ಕಾರು ನಿಲ್ಲಿಸಿ ಒಳಗೆ ಹೋದೆ. ಪೂಜಾರಿ ವಯಸ್ಸಾದವನು, ನಮ್ಮ ತಾಯಿಯ ಮನೆತನ ಗೊತ್ತಿದ್ದವನು. ಮುಡಿಪನ್ನು ಕೈಯಲ್ಲಿ ತಿರುಗಿಸಿ ನೋಡಿ, ಮೂಗಿಗೆ ಹಿಡಿದ.

"ಇದೇನವ್ವ, ಗ್ರೀಸು ವಾಸ್ನೆ ಬತ್ತದೆ. ಯಾರು ಕಟ್ಟಿದ್ದು?"

"ನಮ್ಮಕ್ಕ. ನಂಗೆ ಹುಷಾರಾದ್ರೆ ಇಬ್ರೂ ಜತೇಲಿ ಬಂದು ಒಪ್ಪುಸ್ತೀವಿ ಅಂತ ಹರಕೆ."

"ಅಂಗಾರೆ ಕಟ್ಟಿದೋರು ಮುಂದ್ ನಿಲ್ಬೇಕಲ್ಲವ್ವ. ಎಲ್ಲಿ ಅವ್ರು, ಬರ್ನಿಲ್ವಾ?"

ಮೂವತ್ತೊಂದು ವರ್ಷ ಮಕ್ಕಳಿಗೆ ಸುಳ್ಳು ಹೇಳಬಾರದೆಂದು ಹೇಳಿಕೊಟ್ಟವಳು ನಾನು.

"ಬಂದವ್ಳೆ" ಎಂದೆ. "ಕಾರಲ್ಲಿ ಕುಂತವ್ಳೆ. ಗುಡಿಯೊಳಕ್ಕೆ ಬರಾಕೆ ನಾಚ್ಕೆ ಅವ್ಳಿಗೆ."

ಪೂಜಾರಿ ಕಾರಿನ ಕಡೆ ತಿರುಗಿಯೂ ನೋಡಲಿಲ್ಲ. "ಓಗ್ಲಿ ಬುಡಿ, ಅಂತೋರೂ ಇರ್ತಾರೆ" ಎಂದು ಗಂಟು ಬಿಚ್ಚಿದ.